ಮಾತ್ರೆಯೂ ಬೇಕು, ಮಿತಿಯೂ ಬೇಕು

ಸಾವಿನ ಮನೆಯ ಅಂಗಳದಲ್ಲಿ, ಶವಸಂಸ್ಕಾರ ಮುಗಿಸಿ ಬಂದವರು ಚಪ್ಪರದಡಿ ಕುಳಿತು ಆಡುವ ಮಾತುಗಳಲ್ಲಿ ಒಂದನ್ನು ನಾವು ಹಲವು ಬಾರಿ ಕೇಳಿದ್ದೇವೆ: “ಬಿ.ಪಿ. ಮಾತ್ರೆ ತಿಂದು ತಿಂದೇ ಅವರ ಕಿಡ್ನಿ ಹೋದದ್ದು.” ಹೇಳುವವರ ಮನಸ್ಸಿನಲ್ಲಿ ದುಃಖವಿದೆ, ಕಪಟವಿಲ್ಲ. ಆದರೆ ಆ ಮಾತನ್ನು ಕೇಳಿಸಿಕೊಂಡು ಮನೆಗೆ ಮರಳುವ ಹತ್ತು ಮಂದಿಯಲ್ಲಿ ಇಬ್ಬರಾದರೂ ಮರುದಿನ ಬೆಳಿಗ್ಗೆ ತಮ್ಮ ಮಾತ್ರೆಯ ಪಟ್ಟಿಯನ್ನು ಸಂಶಯದಿಂದ ನೋಡುತ್ತಾರೆ. ಒಬ್ಬರು ಅದನ್ನು ಕಪಾಟಿನ ಮೂಲೆಗೆ ಸರಿಸಿಯೂ ಬಿಡುತ್ತಾರೆ. ಹೀಗೆ ಒಂದು ಮರಣದ ಮನೆಯಲ್ಲಿ ಆಡಿದ ಮಾತು ಇನ್ನೊಂದು ಮರಣಕ್ಕೆ ದಾರಿ ಮಾಡಿಕೊಡುತ್ತದೆ.

ತಪಸ್ಸು ಕಾಲದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಲೋಕದಾದ್ಯಂತ 2006ರಿಂದ ಆಚರಿಸಲಾಗುತ್ತಿರುವ ವಿಶ್ವ ಮೂತ್ರಪಿಂಡ ದಿನವು ಮಾರ್ಚ್ ತಿಂಗಳ ಎರಡನೆಯ ಗುರುವಾರ ಬರುತ್ತದೆ. ಪಂಚಾಂಗವನ್ನು ಹೇಗೆ ಎಣಿಸಿದರೂ ಆ ದಿನ ಪ್ರತಿ ವರ್ಷವೂ ತಪಸ್ಸು ಕಾಲದ ಒಳಗೇ ಬೀಳುತ್ತದೆ. ಊಟದ ಮಿತಿಯನ್ನು ಕುರಿತು ಧರ್ಮಸಭೆ ನಮ್ಮನ್ನು ಎಚ್ಚರಿಸುವ ದಿನಗಳಲ್ಲೇ ವೈದ್ಯಶಾಸ್ತ್ರವೂ ಅದೇ ಎಚ್ಚರಿಕೆಯನ್ನು ಕೊಡುತ್ತದೆ. ಎರಡು ಕಡೆಯಿಂದ ಕರೆ ಬಂದಾಗಲೂ ಕಿವಿಗೊಡದಿದ್ದರೆ ಆ ತಪ್ಪು ನಮ್ಮದೇ.

ಸದ್ದಿಲ್ಲದೆ ಬರುವ ಕೇಡು

ನಮ್ಮ ಬೆನ್ನಿನ ಇಬ್ಬದಿಗಳಲ್ಲಿ ಹುದುಗಿರುವ ಮೂತ್ರಪಿಂಡಗಳು ಪ್ರತಿಯೊಂದೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳನ್ನು ಹೊಂದಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದೆಲ್ಲವನ್ನೂ ಮತ್ತೆ ಒಳಗೆಳೆದುಕೊಂಡು, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಆ ಸೋಸುಕಗಳು ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಗೊಂಚಲುಗಳು. ರಕ್ತದೊತ್ತಡ ಏರಿದಾಗ ಪೆಟ್ಟು ಬೀಳುವುದು ಮೊದಲು ಇಂತಹ ಸಣ್ಣ ನಾಳಗಳಿಗೇ. ಅವು ಗಟ್ಟಿಯಾಗುತ್ತವೆ, ಸೋರುತ್ತವೆ, ಕೊನೆಗೆ ಮುಚ್ಚಿಹೋಗುತ್ತವೆ. ಮುಚ್ಚಿದ ಸೋಸುಕ ಮತ್ತೆ ತೆರೆಯುವುದಿಲ್ಲ. ಅಷ್ಟೇ ಅಲ್ಲ, ಕೆಟ್ಟ ಮೂತ್ರಪಿಂಡವು ಉಪ್ಪನ್ನೂ ನೀರನ್ನೂ ಹೊರಹಾಕಲಾರದೆ ರಕ್ತದೊತ್ತಡವನ್ನು ಇನ್ನಷ್ಟು ಏರಿಸುತ್ತದೆ. ಒಂದು ಇನ್ನೊಂದನ್ನು ಕೆಡಿಸುವ ಈ ಸುತ್ತು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ನೋವಿಲ್ಲ, ಜ್ವರವಿಲ್ಲ. ಕಾಲು ಊದಿಕೊಂಡು, ಊಟ ಸೇರದೆ, ಉಸಿರು ಕಟ್ಟಿದಾಗ ನೋಡಿದರೆ ಉಳಿದಿರುವುದು ಅತ್ಯಲ್ಪ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 35 ಮಂದಿಗೂ ಮಿಕ್ಕಿ ರಕ್ತದೊತ್ತಡವಿದೆ. ಅಂದರೆ ಭಾನುವಾರದ ಬಲಿಪೂಜೆಗೆ ಬಂದು ಕುಳಿತವರ ಪ್ರತಿಯೊಂದು ಬೆಂಚಿನಲ್ಲೂ ಒಬ್ಬರಿಬ್ಬರು ಇದ್ದಾರೆಂದೇ ಲೆಕ್ಕ. ಅವರಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ? ತಿಳಿದವರಲ್ಲಿ ಎಷ್ಟು ಮಂದಿ ಮಾತ್ರೆ ಬಿಡದೆ ಸೇವಿಸುತ್ತಾರೆ?

ನಮಗೆ ಆಪ್ತರಾಗಿದ್ದ ಹಿರಿಯರೊಬ್ಬರ ನೆನಪು ಇಲ್ಲಿ ಬರುತ್ತದೆ. ಇಪ್ಪತ್ತು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು, ಊರಿಗೆ ಬಂದು ಮನೆ ಕಟ್ಟಿಸಿ, ತೋಟ ಮಾಡಿದವರು. ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ಆರು ತಿಂಗಳು ಸೇವಿಸಿದರು. ಪರೀಕ್ಷಿಸಿದಾಗ ಒತ್ತಡ ಸರಿಯಾಗಿತ್ತು. “ಸರಿಯಾಗಿದೆಯಲ್ಲ, ಇನ್ನೇಕೆ ಮಾತ್ರೆ? ಸುಮ್ಮನೆ ಕಿಡ್ನಿ ಹಾಳು” ಎಂದು ನಿಲ್ಲಿಸಿಬಿಟ್ಟರು. ಮಂಡಿನೋವಿಗೆಂದು ಮಾತ್ರ ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರು. ಎಂಟು ವರ್ಷಗಳ ಬಳಿಕ ಪಾದಗಳು ಊದಿಕೊಂಡವು. ಅನಂತರ ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾಯಿತು. ತೋಟದ ಒಂದು ಭಾಗ ಕೈಬಿಟ್ಟಿತು. ಮಗಳ ಮದುವೆ ಮುಂದಕ್ಕೆ ಹೋಯಿತು. ಅವರ ಮನೆಯ ಊಟದ ಮೇಜಿನಲ್ಲಿ ಎಷ್ಟೋ ಬಾರಿ ಕುಳಿತ ನಾವು “ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಒಮ್ಮೆಯೂ ಕೇಳಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಅವರತ್ತ ಸರಿಸಿದ್ದೇವೆ ಅಷ್ಟೇ. ಈ ಲೇಖನದ ಹಿಂದೆ ಆ ಪಶ್ಚಾತ್ತಾಪವೂ ಇದೆಯೆಂದು ಒಪ್ಪಿಕೊಳ್ಳುವುದೇ ಸರಿ.

ವಿಷಸರ್ಪದಿಂದ ಬಂದ ಔಷಧ

ರಕ್ತದೊತ್ತಡದ ಮಾತ್ರೆ ಮೂತ್ರಪಿಂಡವನ್ನು ಕೆಡಿಸುತ್ತದೆಂಬ ನಂಬಿಕೆ ಎಷ್ಟು ತಪ್ಪೆಂಬುದಕ್ಕೆ ಆ ಮಾತ್ರೆಗಳ ಚರಿತ್ರೆಯೇ ಸಾಕ್ಷಿ. ಬ್ರೆಜಿಲ್ ದೇಶದ ಕಾಡುಗಳಲ್ಲಿ ಜರರಾಕಾ ಎಂಬ ವಿಷಸರ್ಪವಿದೆ. ಅದರ ವಿಷದಲ್ಲಿರುವ ಒಂದು ವಸ್ತುವು ರಕ್ತನಾಳಗಳನ್ನು ಸಡಿಲಿಸುವ ಶಕ್ತಿಯನ್ನು ಹೆಚ್ಚಿಸುತ್ತದೆಂದು ಆ ದೇಶದ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಕಂಡುಹಿಡಿದರು. ಅದರ ಜಾಡು ಹಿಡಿದು ಅಮೆರಿಕದ ಕುಶ್ಮನ್ ಮತ್ತು ಒಂಡೆಟ್ಟಿ ಎಂಬ ಸಂಶೋಧಕರು 1975ರಲ್ಲಿ ಕ್ಯಾಪ್ಟೊಪ್ರಿಲ್ ಎಂಬ ಔಷಧವನ್ನು ಸಿದ್ಧಪಡಿಸಿದರು. 1981ರಲ್ಲಿ ಅದು ಬಳಕೆಗೆ ಬಂತು. ಇಂದು ನಮ್ಮ ಮನೆಗಳಲ್ಲಿರುವ ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳು ಅದೇ ಕುಲದವು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಎಂಬವು ಅವುಗಳ ದಾಯಾದಿಗಳು.

ಮರುಭೂಮಿಯಲ್ಲಿ ಸರ್ಪದ ಕಡಿತದಿಂದ ಸಾಯುತ್ತಿದ್ದ ಜನರಿಗಾಗಿ ಮೋಶೆಯು ಕಂಚಿನ ಸರ್ಪವನ್ನು ಎತ್ತಿ ನಿಲ್ಲಿಸಿದ ಪ್ರಸಂಗವನ್ನು ನಾವು ಬಲ್ಲೆವು. ಅದನ್ನು ಶಿಲುಬೆಯ ಮುನ್ಸೂಚನೆಯೆಂದು ಸಂತ ಯೊವಾನ್ನರ ಶುಭಸಂದೇಶ ಕಾಣಿಸುತ್ತದೆ. ಮಾತ್ರೆಯ ಚರಿತ್ರೆಗೂ ಆ ಪ್ರಸಂಗಕ್ಕೂ ನೇರ ಸಂಬಂಧವಿದೆಯೆಂದು ನಾವು ಹೇಳುವುದಿಲ್ಲ. ಆದರೆ ಕೊಲ್ಲುವುದರೊಳಗೇ ಕಾಯುವುದನ್ನೂ ಇರಿಸಿದ ಸೃಷ್ಟಿಕರ್ತನ ಕರುಣೆಯನ್ನು ನೆನೆಯದೆ ಆ ಮಾತ್ರೆಯನ್ನು ಕೈಯಲ್ಲಿ ಹಿಡಿಯುವುದು ಕಷ್ಟ.

ಈ ಔಷಧಗಳು ಕೆಲಸ ಮಾಡುವ ಬಗೆ ಸರಳವಾಗಿದೆ. ಮೂತ್ರಪಿಂಡದ ಪ್ರತಿ ಸೋಸುಕಕ್ಕೂ ರಕ್ತ ಒಳಬರುವ ನಾಳವೊಂದು, ಹೊರಹೋಗುವ ನಾಳವೊಂದು. ದೇಹದಲ್ಲಿ ಹುಟ್ಟುವ ಆಂಜಿಯೊಟೆನ್ಸಿನ್ ಎಂಬ ರಸವು ಹೊರಹೋಗುವ ನಾಳವನ್ನು ಬಿಗಿದಾಗ ನಡುವಿನ ಸೋಸುಕದಲ್ಲಿ ಒತ್ತಡ ಏರುತ್ತದೆ. ಮೇಲೆ ಹೇಳಿದ ಮಾತ್ರೆಗಳು ಆ ಬಿಗಿತವನ್ನು ಸಡಿಲಿಸುತ್ತವೆ. ತೋಳಿನಲ್ಲಿ ಅಳೆಯುವ ಒತ್ತಡವನ್ನು ಇಳಿಸುವುದರ ಜೊತೆಗೆ ಸೋಸುಕದ ಒಳಗಿನ ಒತ್ತಡವನ್ನೂ ಇಳಿಸುವುದು ಇವುಗಳ ವಿಶೇಷ. 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಮೂತ್ರಪಿಂಡ ಕೆಡತೊಡಗಿದ್ದ 409 ಮಧುಮೇಹಿಗಳ ಪೈಕಿ ಕ್ಯಾಪ್ಟೊಪ್ರಿಲ್ ಸೇವಿಸಿದವರಲ್ಲಿ ಸಾವು, ಡಯಾಲಿಸಿಸ್ ಅಥವಾ ಮೂತ್ರಪಿಂಡ ಬದಲಾವಣೆಯ ಅಪಾಯವು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. 2001ರಲ್ಲಿ ಲೊಸಾರ್ಟಾನ್ ಕುರಿತೂ ಇಂತಹುದೇ ಸಮಾಧಾನದ ಸುದ್ದಿ ಬಂತು. ಮಾತ್ರೆಯಿಂದ ಮೂತ್ರಪಿಂಡ ಹೋಯಿತೆನ್ನುವವರು, ಎಷ್ಟು ಮಂದಿಯ ಮೂತ್ರಪಿಂಡ ಮಾತ್ರೆಯಿಂದ ಉಳಿಯಿತೆಂಬುದನ್ನೂ ಎಣಿಸಬೇಕು.

ಪರವಾನಗಿಯಲ್ಲ

ಇಷ್ಟನ್ನು ಹೇಳಿದ ಮೇಲೆ ಎರಡನೆಯ ತಪ್ಪು ನಂಬಿಕೆಯನ್ನೂ ಮುಟ್ಟಬೇಕು. ಮೊದಲನೆಯವರು ಮಾತ್ರೆಗೆ ಹೆದರಿ ಬಿಡುವವರಾದರೆ, ಎರಡನೆಯವರು ಮಾತ್ರೆಯನ್ನು ನಂಬಿ ಉಳಿದೆಲ್ಲವನ್ನೂ ಮರೆಯುವವರು. “ಮಾತ್ರೆ ಇದೆಯಲ್ಲ, ಬಡಿಸಿ” ಎಂದು ತಟ್ಟೆ ಮುಂದೊಡ್ಡುವವರು ನಮ್ಮ ಹಬ್ಬದೂಟಗಳಲ್ಲಿ ಕಡಿಮೆಯಿಲ್ಲ. ತಿದ್ದಿಕೊಳ್ಳುವ ನಿರ್ಧಾರವಿಲ್ಲದೆ ಪಾಪನಿವೇದನೆಗೆ ಹೋಗಿ ಬಂದಂತೆ ಇದು.

ಇಟಲಿಯಲ್ಲಿ ರಾಮಿಪ್ರಿಲ್ ಮಾತ್ರೆ ಸೇವಿಸುತ್ತಿದ್ದ ಸುಮಾರು 500 ಮೂತ್ರಪಿಂಡ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2012ರಲ್ಲಿ ಬೆಳಕು ಕಂಡಿತು. ಮಾತ್ರೆ ಎಲ್ಲರಿಗೂ ಒಂದೇ. ಆದರೆ ಅತಿಯಾಗಿ ಉಪ್ಪು ತಿನ್ನುತ್ತಿದ್ದವರ ಮೂತ್ರಪಿಂಡಗಳು ಕಡಿಮೆ ಉಪ್ಪು ತಿನ್ನುತ್ತಿದ್ದವರಿಗಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ಸೋತುಹೋಗಿದ್ದವು. ಔಷಧದ ಗುಣವನ್ನು ಉಪ್ಪು ನುಂಗಿ ಹಾಕಿತ್ತು. ಬೆಳಿಗ್ಗೆ ನುಂಗಿದ ಮಾತ್ರೆಯನ್ನು ಮಧ್ಯಾಹ್ನದ ಒಣಮೀನಿನ ಚಟ್ನಿ ರದ್ದುಪಡಿಸುತ್ತದೆಂಬುದು ಕೇಳಲು ಕಹಿಯಾದರೂ ಮನಗಾಣಬೇಕಾದ ಮಾತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ಸಲ್ಲುವ ಉಪ್ಪು 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದಷ್ಟು. ನಮ್ಮ ದೇಶದ ವಿವಿಧ ಅಧ್ಯಯನಗಳಲ್ಲಿ ಕಂಡುಬಂದಿರುವುದು ಸರಾಸರಿ 8ರಿಂದ 11 ಗ್ರಾಂ. ನಮ್ಮ ಮನೆಯ ಲೆಕ್ಕವೇನೆಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ನಾಲ್ವರಿರುವ ಮನೆಗೆ ತಿಂಗಳಿಗೆ ಸಲ್ಲುವುದು ಹೆಚ್ಚೆಂದರೆ 600 ಗ್ರಾಂ. ಪೊಟ್ಟಣ ಒಂದೇ ತಿಂಗಳಲ್ಲಿ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಮಿಗೂ ಮಿಕ್ಕಿತು. ಮೀನು ತೊಳೆಯಲು, ಅಕ್ಕಿ ಬಸಿಯಲು ಹೋದ ಉಪ್ಪನ್ನು ಕಳೆದರೂ, ಅಂಗಡಿಯಿಂದ ಬರುವ ಒಣಮೀನು, ಹಪ್ಪಳ, ಉಪ್ಪಿನಕಾಯಿ, ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ನೂಡಲ್ಸುಗಳಲ್ಲಿ ಅಡಗಿರುವ ಉಪ್ಪು ಅದಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ನಮ್ಮ ಕರಾವಳಿಯ ಕ್ರೈಸ್ತ ಮನೆಗಳ ಒಂದು ವಿಪರ್ಯಾಸವನ್ನು ಹೇಳದಿರಲಾಗದು. ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತೇವೆ. ಅದರ ಜಾಗಕ್ಕೆ ಬರುವುದೇನು? ಗಂಜಿಯ ಜೊತೆಗೆ ಸುಟ್ಟ ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ, ಭರಣಿಯ ಉಪ್ಪಿನಕಾಯಿ. ವರ್ಷದ ಉಳಿದ ದಿನಗಳಿಗಿಂತ ಹೆಚ್ಚು ಉಪ್ಪು ನಮ್ಮ ಹೊಟ್ಟೆ ಸೇರುವುದು ತಪಸ್ಸಿನ ಹೆಸರಿನಲ್ಲಿಯೇ! ನಾಲಗೆಯ ಆಸೆಯನ್ನು ಬಿಡುವುದಕ್ಕಾಗಿ ಇರುವ ಕಾಲದಲ್ಲಿ ಒಂದು ಆಸೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡಂತಾಯಿತು.

ಮಾಂಸದ ವಿಚಾರದಲ್ಲಿ ಅಳತೆಯ ಮಾತು ಬೇರೆ. ಹೆಚ್ಚು ಪ್ರೋಟೀನು ತಿಂದಾಗ ಸೋಸುಕಕ್ಕೆ ರಕ್ತ ತರುವ ನಾಳ ಅಗಲವಾಗಿ, ಒಳಗಿನ ಒತ್ತಡ ಏರುತ್ತದೆ. ಬಿಡುವಿಲ್ಲದೆ ಹೀಗೆ ದುಡಿದರೆ ಸೋಸುಕಗಳು ಸವೆಯುತ್ತವೆಂಬ ವಾದವನ್ನು ಅಮೆರಿಕದ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1982ರಲ್ಲಿ ಮುಂದಿಟ್ಟರು. ಮೂತ್ರಪಿಂಡದ ಬಹುಭಾಗ ತೆಗೆದ ಇಲಿಗಳಲ್ಲಿ ಉಳಿದ ಭಾಗವನ್ನು ಎನಲಾಪ್ರಿಲ್ ಕಾಪಾಡಿದುದನ್ನೂ ಅದೇ ತಂಡ 1985ರಲ್ಲಿ ತೋರಿಸಿತು. ಆದರೆ ಮನುಷ್ಯರಲ್ಲಿ ಪ್ರೋಟೀನು ಕಡಿತದ ಲಾಭವನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವು 1994ರಲ್ಲಿ ಅಷ್ಟು ಸ್ಪಷ್ಟವಾದ ಉತ್ತರವನ್ನು ಕೊಡಲಿಲ್ಲ. ಆದುದರಿಂದ ಮೂತ್ರಪಿಂಡದ ತೊಂದರೆಯಿರುವವರಿಗೆ ಇಂದು ವೈದ್ಯರು ಹೇಳುವುದು ಮಧ್ಯಮ ಮಾರ್ಗ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನು ಸಾಕು. ಅರವತ್ತು ಕಿಲೋ ತೂಗುವವರಿಗೆ ಇದು 48 ಗ್ರಾಂ ಆಯಿತು. ಹಬ್ಬದಲ್ಲಿ ಎರಡು ತುಂಡು ಹಂದಿಮಾಂಸ ತಿಂದರೆ ಪ್ರಳಯವಾಗದು. ವಾರವಿಡೀ ಹಬ್ಬ ಮಾಡುವುದು ಸಲ್ಲದು. ಹಾಗೆಂದು ಮೀನು, ಮೊಟ್ಟೆ, ಬೇಳೆಗಳನ್ನೆಲ್ಲ ತಾವಾಗಿಯೇ ಬಿಟ್ಟು ಸೊರಗುವುದೂ ಸಲ್ಲದು.

ಮಾತ್ರೆ ಸೇವಿಸುವವರು ಅರಿತಿರಬೇಕಾದುದು

ಯಾವ ಔಷಧವೂ ಎಚ್ಚರವಿಲ್ಲದೆ ಸೇವಿಸತಕ್ಕದ್ದಲ್ಲ. ಈ ಮಾತ್ರೆಗಳನ್ನು ಆರಂಭಿಸಿದ ಎರಡು ನಾಲ್ಕು ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷಿಸಬೇಕು. ಕ್ರಿಯಾಟಿನಿನ್ ತುಸು ಏರುವುದುಂಟು. ನೂರಕ್ಕೆ 30ರ ಒಳಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಸೋಸುಕದ ಒತ್ತಡ ಇಳಿದುದರ ಗುರುತು ಅದು. “ಮಾತ್ರೆಯಿಂದ ಕಿಡ್ನಿ ಹೋಯಿತು” ಎಂಬ ಮಾತು ಅನೇಕ ಸಲ ಹುಟ್ಟಿಕೊಳ್ಳುವುದು ಈ ಸಣ್ಣ ಏರಿಕೆಯನ್ನು ತಪ್ಪಾಗಿ ಓದುವುದರಿಂದ. ಎನಲಾಪ್ರಿಲ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಆಗ ಮಾತ್ರೆ ಬಿಡುವುದಲ್ಲ, ವೈದ್ಯರನ್ನು ಕಂಡು ಬದಲಾಯಿಸಿಕೊಳ್ಳುವುದು. ಮುಖ, ತುಟಿ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು ಈ ಜಾತಿಯ ಯಾವ ಮಾತ್ರೆಯನ್ನೂ ಸೇವಿಸಬಾರದು. ವಾಂತಿ ಭೇದಿಯಾಗಿ ದೇಹದ ನೀರು ಬತ್ತಿದಾಗ ಮಾತ್ರೆಯನ್ನು ಒಂದೆರಡು ದಿನ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ನೆರೆಮನೆಯವರ ಮಾತ್ರೆ ಚೆನ್ನಾಗಿದೆಯೆಂದು ಅದನ್ನೂ ಜೊತೆಗೆ ಸೇವಿಸಬಾರದು. ಈ ಎರಡು ಜಾತಿಯ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟಾಗ ಮೂತ್ರಪಿಂಡಕ್ಕೆ ಹಾನಿಯೇ ಹೆಚ್ಚೆಂದು 2008ರ ದೊಡ್ಡ ಅಧ್ಯಯನ ತಿಳಿಸಿದೆ.

ಮೂತ್ರಪಿಂಡವನ್ನು ನಿಜವಾಗಿ ಕೆಡಿಸಬಲ್ಲದ್ದು ನೋವಿನ ಮಾತ್ರೆ. ಡೈಕ್ಲೊಫಿನಾಕ್, ಐಬುಪ್ರೊಫೆನ್ ಮುಂತಾದವು ಬಿ.ಪಿ. ಮಾತ್ರೆ ಮತ್ತು ನೀರು ಇಳಿಸುವ ಮಾತ್ರೆಗಳ ಜೊತೆ ಸೇರಿದಾಗ ಅಪಾಯ ಇಮ್ಮಡಿಯಾಗುತ್ತದೆ. ಇನ್ನು ಎಳನೀರು. ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಎಳನೀರಿರುವುದು ವಾಡಿಕೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಸೋತವರಲ್ಲಿ, ಅದರಲ್ಲೂ ಈ ಮಾತ್ರೆಗಳನ್ನು ಸೇವಿಸುವವರಲ್ಲಿ, ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲೂ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡ ರೋಗಿಗಳು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಹಿತ್ತಲ ಮದ್ದಿನ ಬಗೆಗೂ ಒಂದು ಮಾತು. ಮೀನುಸಾರಿಗೆ ಹುಳಿಯಾಗಿ ನಾಲ್ಕು ಬಿಂಬುಳಿ ಹಾಕುವುದು ನಮ್ಮ ಹಳೆಯ ರೂಢಿ. ಅದರಲ್ಲಿ ದೋಷವಿಲ್ಲ. ಆದರೆ ಕೊಬ್ಬು ಕರಗುತ್ತದೆಂದು ಬಿಂಬುಳಿಯ ರಸವನ್ನು ಲೋಟಗಟ್ಟಲೆ ಕುಡಿದವರು ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದ ಪ್ರಕರಣಗಳು ನೆರೆಯ ಕೇರಳದಲ್ಲಿ ದಾಖಲಾಗಿವೆ. ಅದರ ಆಕ್ಸಲೇಟು ಹರಳುಗಟ್ಟಿ ಮೂತ್ರಪಿಂಡದ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ದಾರೆಹುಳಿಯ ರಸವೂ ಮೂತ್ರಪಿಂಡ ರೋಗಿಗಳಿಗೆ ವಿಷವೇ. ಗಿಡದಿಂದ ಬಂದುದೆಲ್ಲ ನಿರಪಾಯ, ಅಂಗಡಿಯಿಂದ ಬಂದುದೆಲ್ಲ ಕೇಡು ಎಂಬ ಎಣಿಕೆ ನಿಲ್ಲುವುದಿಲ್ಲ.

ಹಿರಿಯರು ತಿಂದು ಬದುಕಲಿಲ್ಲವೇ?

“ನಮ್ಮ ಅಜ್ಜ ಜೀವಮಾನವಿಡೀ ಒಣಮೀನು ತಿಂದು ತೊಂಬತ್ತು ಬಾಳಿದರು” ಎನ್ನುವವರಿದ್ದಾರೆ. ಆ ಅಜ್ಜಂದಿರು ಗದ್ದೆಯಲ್ಲಿ ಬೆವರಿಳಿಸಿ ದುಡಿದರು, ಮಾಂಸ ಕಂಡದ್ದು ಹಬ್ಬಕ್ಕೆ ಮಾತ್ರ. ಅಲ್ಲದೆ ತೊಂಬತ್ತು ಬಾಳಿದವರನ್ನು ನಾವು ನೆನಪಿಟ್ಟುಕೊಂಡಿದ್ದೇವೆ, ಐವತ್ತಕ್ಕೆ ಪಾರ್ಶ್ವವಾಯುವಿಗೆ ಸಿಕ್ಕಿದವರನ್ನೂ ‘ನೀರು ತುಂಬಿ’ ಸತ್ತವರನ್ನೂ ಮರೆತಿದ್ದೇವೆ. ಅವರಲ್ಲಿ ಎಷ್ಟು ಮಂದಿಗೆ ರಕ್ತದೊತ್ತಡವಿತ್ತೆಂದು ಅಳೆದವರು ಯಾರು?

ದೇವರ ಮೇಲೆ ಭರವಸೆಯಿಟ್ಟರೆ ಸಾಲದೇ ಎಂದೂ ಕೇಳುವವರುಂಟು. ಹಳೆಯ ಒಡಂಬಡಿಕೆಯ ಸಿರಾಖ ಗ್ರಂಥದ 38ನೆಯ ಅಧ್ಯಾಯವನ್ನು ಅವರು ಓದಬೇಕು. ವೈದ್ಯನೂ ಔಷಧವೂ ದೇವರ ಸೃಷ್ಟಿಯೆಂದೂ, ಪ್ರಾರ್ಥಿಸಿದ ಬಳಿಕ ವೈದ್ಯನಿಗೆ ಎಡೆಗೊಡಬೇಕೆಂದೂ ಅದು ಬೋಧಿಸುತ್ತದೆ. 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆರೋಗ್ಯವನ್ನು ದೇವರು ನಮ್ಮ ವಶಕ್ಕೆ ಒಪ್ಪಿಸಿದ ವರವೆಂದು ಕಂಡು, ಊಟ, ಮದ್ಯ, ತಂಬಾಕುಗಳಲ್ಲಷ್ಟೇ ಅಲ್ಲ, ಔಷಧದಲ್ಲಿ ಕೂಡ ಅತಿರೇಕ ಸಲ್ಲದೆಂದಿದೆ. ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಾಲಯ ಆರಂಭಿಸಿದ್ದು ಇದೇ ವಿಶ್ವಾಸದಿಂದ. ಆ ಪರಂಪರೆಯ ಮಕ್ಕಳು ನಾವು.

ಉಪವಾಸದ ವಿಚಾರದಲ್ಲೂ ಧರ್ಮಸಭೆ ಕಠೋರವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಉಪವಾಸದ ಕಟ್ಟಳೆ 18 ತುಂಬಿದವರಿಂದ 59 ತುಂಬುವವರ ತನಕ ಮಾತ್ರ. ರೋಗಿಗಳಿಗೆ ವಿನಾಯಿತಿ ಯಾವತ್ತೂ ಇದೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವಿದೆಯೆಂದು ಬಿ.ಪಿ. ಮಾತ್ರೆಯನ್ನೂ ಬಿಡುವುದು ಭಕ್ತಿಯಲ್ಲ.

ಧರ್ಮಕೇಂದ್ರಗಳು ಮಾಡಬಹುದಾದುದು

ಡಯಾಲಿಸಿಸ್ ರೋಗಿಗಳ ಪರವಾಗಿ ನೆರವಿನ ಮನವಿಗಳು ಪತ್ರಿಕೆಗಳಲ್ಲಿ, ಇಗರ್ಜಿಯ ಫಲಕಗಳಲ್ಲಿ ಬರುತ್ತಲೇ ಇವೆ. ನಮ್ಮ ಜನ ಕೈಬಿಚ್ಚಿ ಕೊಡುತ್ತಾರೆ, ಕೊಡಲೇಬೇಕು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ಕೇಂದ್ರ ಸರಕಾರದ ಯೋಜನೆ 2016ರಿಂದ ಇದೆ. ಆದರೆ ಬಾವಿಗೆ ಬಿದ್ದವರನ್ನು ಎತ್ತುವ ಹಗ್ಗಕ್ಕೆ ಚಂದಾ ಎತ್ತುತ್ತಲೇ, ಬಾವಿಗೆ ಕಟ್ಟೆ ಕಟ್ಟುವುದನ್ನು ಮರೆತಿದ್ದೇವೆಂಬುದು ನಮ್ಮ ದೂರು.

ನಮ್ಮ ಸಮುದಾಯದಷ್ಟು ದಾದಿಯರಿರುವ ಸಮುದಾಯ ವಿರಳ. ನಿವೃತ್ತರಾಗಿ ಊರಿಗೆ ಮರಳಿದವರೂ ರಜೆಯಲ್ಲಿ ಬಂದವರೂ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ಬಳಿಕ ಸಭಾಭವನದಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ರಕ್ತದೊತ್ತಡ ಅಳೆಯುವ ಸಾಧನ ಇಟ್ಟರೆ ಸಾಕು. ಒತ್ತಡ 140/90 ಮೀರಿದವರಿಗೆ ಚೀಟಿ ಕೊಟ್ಟು ವೈದ್ಯರ ಬಳಿ ಕಳುಹಿಸಲಿ. ರಕ್ತದೊತ್ತಡವಿರುವವರೂ ಮಧುಮೇಹಿಗಳೂ ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನು, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷಿಸಿಕೊಂಡರೇ ಎಂದು ವಾಡೊಗಳ ಗುರ್ಕಾರರು ವಿಚಾರಿಸಲಿ. ತಪಸ್ಸು ಕಾಲದ ದಾನದ ಒಂದು ಪಾಲು, ಮಾತ್ರೆ ಕೊಳ್ಳಲಾಗದೆ ಅರ್ಧಕ್ಕೆ ಬಿಟ್ಟವರಿಗೆ ಸಲ್ಲಲಿ. ಈ ಮಾತ್ರೆಗಳು ಜನೌಷಧಿ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ಹಬ್ಬದೂಟದ ಮೇಜಿನಿಂದ ಉಪ್ಪಿನ ಬಟ್ಟಲನ್ನು ತೆಗೆದಿಡಲು ಯಾರ ಅಪ್ಪಣೆಯೂ ಬೇಡ.

ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ವಿಧಿಗಳು ಬದಲಾಗುವ ಮೊದಲು, ಜ್ಞಾನಸ್ನಾನದ ವೇಳೆ ಗುರುಗಳು ಮಗುವಿನ ನಾಲಗೆಯ ಮೇಲೆ ಆಶೀರ್ವದಿಸಿದ ಉಪ್ಪನ್ನು ಇಡುತ್ತಿದ್ದರು. ಹಿರಿಯ ಓದುಗರಿಗೆ ಅದರ ನೆನಪಿರಬಹುದು. ವಿವೇಕದ ಗುರುತಾಗಿ ಇಟ್ಟ ಆ ಉಪ್ಪು ಒಂದು ಹರಳಷ್ಟೇ ಇರುತ್ತಿತ್ತು. ಅಷ್ಟೇ ಸಾಕೆಂಬುದೂ ಆ ವಿವೇಕದ ಒಂದು ಭಾಗವೆಂದು ನಾವು ತಿಳಿಯೋಣ. ಇಂದು ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ: “ಅಪ್ಪಾ, ಮಾತ್ರೆ ತೆಗೆದುಕೊಂಡಿರಾ?” ನಾವು ಕೇಳದೆ ಹೋದ ಪ್ರಶ್ನೆ ಅದು. ನೀವು ಕೇಳದೆ ಇರಬೇಡಿ.